ಕಟ್ಟಿನಕೆರೆ ಮಾರ್ಕೆಟ್ ಹಿಂದಿನ ಕಜ್ಜಾಯದ ಅಂಗಡಿ: ಹಬ್ಬ ಇಲ್ಲದ ದಿನ ಹೋಗಿ

ಹಾಸನದಲ್ಲಿ ಒಳ್ಳೆ ಕಜ್ಜಾಯ ಎಲ್ಲಿ ಸಿಗುತ್ತೆ ಅಂತ ಯಾರು ಕೇಳಿದರೂ ನಾನು ಹೇಳೋದು ಒಂದೇ ಜಾಗ. ಕಟ್ಟಿನಕೆರೆ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿರೋ ಅಂಗಡಿ. ಅದಕ್ಕೆ ಹೆಸರು ಅಂತ ಇಲ್ಲ. ತಗಡಿನ ಬೋರ್ಡ್ ಮೇಲೆ "ಒಬ್ಬಟ್ಟು, ಕಜ್ಜಾಯ, ಚಿರೋಟಿ, ಹಾಲುಬಾಯಿ ಸಿಗುತ್ತದೆ" ಅಂತ ಬರೆಸಿದ್ದಾರೆ, ಅಷ್ಟೇ. ಮುಂದೆ ಒಂದು ಗಾಜಿನ ಪೆಟ್ಟಿಗೆ, ಹಿಂದೆ ಎರಡು ಒಲೆ, ಮೂಲೆಯಲ್ಲಿ ಅಕ್ಕಿ ಮೂಟೆ. ಗಂಡ ಹೆಂಡತಿ ನಡೆಸುತ್ತಾರೆ. ಪಾಕ ನೋಡೋ ಕೆಲಸ ಮಾತ್ರ ಇವತ್ತಿಗೂ ಆ ಹೆಂಡತಿಯ ಅತ್ತೆಯದ್ದು. ಬಂದವರೆಲ್ಲ ಅವರನ್ನ ಅಜ್ಜಿ ಅಂತಲೇ ಕರೆಯೋದು, ಹಾಗಾಗಿ ನಾನೂ ಅಜ್ಜಿ ಅಂತಲೇ ಬರೆಯುತ್ತೇನೆ.

ಮೊದಲು ಕಜ್ಜಾಯದ ವಿಷಯ. ಒಂದಕ್ಕೆ 20 ರೂಪಾಯಿ. ಅಂಗೈ ಅಗಲ ಇರುತ್ತೆ, ಅಂಚು ಸ್ವಲ್ಪ ಗರಿ, ನಡುವೆ ಮೆತ್ತಗೆ. ಮೇಲೆ ಗಸಗಸೆ ಅಂಟಿರುತ್ತೆ, ಕಚ್ಚಿದರೆ ಏಲಕ್ಕಿ ಘಮ ಬರುತ್ತೆ, ಆದರೆ ಬೆಲ್ಲದ ರುಚಿಯನ್ನ ಮುಚ್ಚೋವಷ್ಟು ಇರಲ್ಲ. ಕೈಗೆ ಎಣ್ಣೆ ಹತ್ತೋದು ತುಂಬಾ ಕಡಿಮೆ. ಯಾಕೆ ಅಂದರೆ ಬಾಣಲೆಯಿಂದ ತೆಗೆದ ಕೂಡಲೇ ಎರಡು ಜಾಲರಿ ಸೌಟಿನ ಮಧ್ಯೆ ಇಟ್ಟು ಚೆನ್ನಾಗಿ ಒತ್ತುತ್ತಾರೆ. ಈ ಒಂದು ಕೆಲಸಕ್ಕೇ ಒಬ್ಬರು ನಿಂತಿರಬೇಕು. ಬೇರೆ ಕಡೆ ಇದನ್ನ ಅರ್ಧಂಬರ್ಧ ಮಾಡಿ ಡಬ್ಬಕ್ಕೆ ತುಂಬಿಬಿಡುತ್ತಾರೆ, ಮನೆಗೆ ತಂದು ನೋಡಿದರೆ ಪೇಪರ್ ಪೂರ್ತಿ ಎಣ್ಣೆ.

ಅಜ್ಜಿ ಪಾಕ ನೋಡೋದನ್ನ ಒಂದು ಸಲ ನಿಂತು ನೋಡಬೇಕು. ಪಕ್ಕದಲ್ಲಿ ಒಂದು ಸ್ಟೀಲ್ ತಟ್ಟೆಯಲ್ಲಿ ತಣ್ಣೀರು ಇರುತ್ತೆ. ಕುದಿಯೋ ಬೆಲ್ಲದಿಂದ ಒಂದು ತೊಟ್ಟು ತೆಗೆದು ಆ ನೀರಿಗೆ ಬಿಡುತ್ತಾರೆ, ಬೆರಳಲ್ಲಿ ಒಟ್ಟು ಮಾಡುತ್ತಾರೆ. ಹರಿದರೆ ಇನ್ನೂ ಆಗಿಲ್ಲ. ಮೆತ್ತಗೆ ಉಂಡೆ ಕಟ್ಟಿ, ಒತ್ತಿದರೆ ಚಪ್ಪಟೆಯಾದರೆ ಸರಿ. ಅಷ್ಟು ಹೊತ್ತಿಗೆ ಸೊಸೆ ಅಕ್ಕಿ ಹಿಟ್ಟಿನ ಪಾತ್ರೆ ಹಿಡಿದು ರೆಡಿ ಇರಬೇಕು, ತಡ ಆದರೆ ಮುಗೀತು. ಪಾಕ ಏರಿದರೆ ಕಜ್ಜಾಯ ಕಲ್ಲಾಗುತ್ತೆ, ಎಳಸಾದರೆ ಎಣ್ಣೆಗೆ ಬಿಟ್ಟ ಕೂಡಲೇ ಒಡೆದು ಚೂರಾಗುತ್ತೆ. ಇನ್ನು ಆ ಹಿಟ್ಟು ಕೂಡ ಅಂಗಡಿಯ ಪ್ಯಾಕೆಟ್ ಹಿಟ್ಟು ಆಗಲ್ಲ. ಅಕ್ಕಿ ನೆನೆಸಿ, ನೀರು ಬಸಿದು, ಬಟ್ಟೆ ಮೇಲೆ ನೆರಳಲ್ಲಿ ಹರಡಿ, ಇನ್ನೂ ಪಸೆ ಇರುವಾಗಲೇ ಬೀಸಬೇಕು. ಪಾಕಕ್ಕೆ ಕಲಸಿದ ಮೇಲೆ ಒಂದು ರಾತ್ರಿಯಾದರೂ ಹಾಗೇ ಇಡಬೇಕು. ಆಮೇಲೆ ಬಾಳೆ ಎಲೆ ಮೇಲೆ ತಟ್ಟಿ ಕರಿಯೋದು. ಅಂದರೆ ಇವತ್ತು ನಾವು 20 ರೂಪಾಯಿ ಕೊಟ್ಟು ತಿನ್ನೋ ಕಜ್ಜಾಯದ ಕೆಲಸ ಎರಡು ಮೂರು ದಿನ ಮುಂಚೆ ಶುರುವಾಗಿರುತ್ತೆ.

ಇದನ್ನ ಇಷ್ಟು ಉದ್ದ ಯಾಕೆ ಬರೆದೆ ಅಂದರೆ, ನಾನು ಅಲ್ಲಿ ನಿಂತಿದ್ದಾಗಲೇ ಒಬ್ಬರು ಬಂದು "ಏನಕ್ಕಾ, ಅಕ್ಕಿ ಬೆಲ್ಲ ತಾನೇ, ಇದಕ್ಕೆ ಇಪ್ಪತ್ತು ರೂಪಾಯಾ?" ಅಂದರು. ಅಂಗಡಿ ನಡೆಸೋ ಅಕ್ಕ ಏನೂ ಅನ್ನಲಿಲ್ಲ, ಸುಮ್ನೆ ನಕ್ಕು ಎರಡು ಕಟ್ಟಿಕೊಟ್ಟರು. ಗೋಡಂಬಿ ಬರ್ಫಿಗೆ ಕೆಜಿ ಲೆಕ್ಕದಲ್ಲಿ ಸಾವಿರ ರೂಪಾಯಿ ಕೊಡುವಾಗ ಯಾರೂ ಹೀಗೆ ಕೇಳಲ್ಲ. ಅಲ್ಲಿ ಗೋಡಂಬಿ ಕಾಣುತ್ತೆ, ಅದರ ಬೆಲೆ ಗೊತ್ತು. ಇಲ್ಲಿ ಕೂಲಿ ಕಾಣಲ್ಲ. ಮನೆಯಲ್ಲಿ ಅಮ್ಮನೋ ಅಜ್ಜಿಯೋ ಪುಕ್ಕಟೆ ಮಾಡಿಕೊಡುತ್ತಿದ್ದ ತಿಂಡಿಗೆ ಅಂಗಡಿಯಲ್ಲಿ ಬೆಲೆ ಹೇಳಿದರೆ ನಮಗೆ ಜಾಸ್ತಿ ಅನ್ನಿಸುತ್ತೆ, ಆ ಪುಕ್ಕಟೆ ಕೆಲಸಕ್ಕೂ ಒಂದು ಬೆಲೆ ಇತ್ತು ಅಂತ ನಾವು ಯಾವತ್ತೂ ಲೆಕ್ಕ ಹಾಕಿಲ್ಲ. ಸಾಮಾನಿನ ಬೆಲೆಯಾದರೂ ಕಡಿಮೆ ಇದೆಯಾ ಅಂದರೆ ಅದೂ ಇಲ್ಲ. ನಂದಿನಿ ತುಪ್ಪ 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಇಳಿದಾಗ ಲೀಟರ್‌ಗೆ 610 ಆಗಿತ್ತು, ನವೆಂಬರ್‌ನಲ್ಲಿ 700 ಆಯಿತು. ಅದೇ ವರ್ಷ ತೆಂಗಿನಕಾಯಿ, ಕೊಬ್ಬರಿ ಎಷ್ಟು ಏರಿತು ಅಂತ ಅರಸೀಕೆರೆ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಬೆಳೆದವರಿಗೆ ಒಳ್ಳೆಯದಾಯಿತು, ಸಂತೋಷವೇ. ಕಾಯಿ ಒಬ್ಬಟ್ಟು ಮಾಡೋರು ಮಾತ್ರ ಬೆಲೆ ಏರಿಸಲೋ, ಹೂರಣ ಕಡಿಮೆ ಮಾಡಲೋ ಅಂತ ಕೂತರು. ಈ ಅಂಗಡಿಯವರು 5 ರೂಪಾಯಿ ಏರಿಸಿದರು, ಹೂರಣ ಅಷ್ಟೇ ಇಟ್ಟರು. ನನಗೆ ಅದೇ ಸರಿ ಅನ್ನಿಸಿತು.

ಒಬ್ಬಟ್ಟಿಗೆ ಬರೋಣ. ಬೇಳೆ ಒಬ್ಬಟ್ಟು 25, ಕಾಯಿ ಒಬ್ಬಟ್ಟು 30. ಕಣಕ ತೆಳ್ಳಗೆ, ಹೂರಣ ನುಣ್ಣಗೆ, ಒಂದು ಬೇಳೆ ಕಾಳು ಕೂಡ ಹಾಗೇ ಸಿಗಲ್ಲ. ಕಾವಲಿ ಮೇಲೆ ಬೇಯುವಾಗಲೇ ತಗೊಂಡರೆ ಮೇಲೆ ಒಂದು ಚಮಚ ತುಪ್ಪ ಹಾಕಿ ಮುತ್ತುಗದ ಎಲೆಯಲ್ಲಿ ಕೊಡುತ್ತಾರೆ. ಆದರೆ ಬಣ್ಣ ನೋಡಿ ಮೋಸ ಹೋಗಬೇಡಿ. ಇಲ್ಲಿನ ಬೇಳೆ ಒಬ್ಬಟ್ಟು ಕಂದು ಬಣ್ಣ, ಸ್ವಲ್ಪ ಕಪ್ಪು ಅಂತಲೇ ಅನ್ನಬೇಕು. ಅವರು ಹಾಕೋದು ಕಪ್ಪು ಬೆಲ್ಲ. ಮಾರ್ಕೆಟ್‌ನಲ್ಲಿ ಸಿಗೋ ಹಳದಿ ಹಳದಿ ಬೆಲ್ಲಕ್ಕೆ ಆ ಬಣ್ಣ ಬರಲಿ ಅಂತ ಹೈಡ್ರೋಸ್ ಅನ್ನೋ ರಾಸಾಯನಿಕ ಹಾಕೋದು ಈಗ ಎಲ್ಲರಿಗೂ ಗೊತ್ತಿರೋ ವಿಷಯ. ಆದರೂ ಗಿರಾಕಿ ಕೇಳೋದು ಹಳದಿ ಒಬ್ಬಟ್ಟನ್ನೇ. "ಇದು ನಿನ್ನೇದಾ?" ಅಂತ ಕೇಳಿ ವಾಪಸ್ ಹೋದವರೂ ಇದ್ದಾರಂತೆ. ಹಳೇ ಕಾಲದ ರುಚಿ ಬೇಕು ಅಂತ ಹುಡುಕಿಕೊಂಡು ಬರುತ್ತೇವೆ, ಹಳೇ ಕಾಲದ ಬಣ್ಣ ಕಂಡರೆ ಅನುಮಾನ ಪಡುತ್ತೇವೆ. ಅಂಗಡಿಯವರು ಏನು ಮಾಡಬೇಕು ಹೇಳಿ? ಬಣ್ಣದ ಬೆಲ್ಲ ಹಾಕೋಕೆ ಅಜ್ಜಿ ಒಪ್ಪಲ್ಲ. ಅದಕ್ಕೆ ಈಗ ಬೆಲ್ಲದ ಒಂದು ದೊಡ್ಡ ಉಂಡೆಯನ್ನ ಗಾಜಿನ ಪೆಟ್ಟಿಗೆ ಮೇಲೇ ಇಟ್ಟಿದ್ದಾರೆ. ಕೇಳಿದವರಿಗೆ ಅದನ್ನೇ ಒಂದು ಚೂರು ಮುರಿದು ಕೊಡುತ್ತಾರೆ. ತಿಂದ ಮೇಲೆ ಹೆಚ್ಚಿನವರು ಒಬ್ಬಟ್ಟು ತಗೊಳ್ಳುತ್ತಾರೆ.

ಇನ್ನು ಹಾಲುಬಾಯಿ. ನನ್ನ ಪ್ರಕಾರ ಈ ಅಂಗಡಿಯ ಅತಿ ಒಳ್ಳೆಯ ತಿಂಡಿ ಇದೇ, ಆದರೆ ಅತಿ ಕಡಿಮೆ ಹೋಗೋದೂ ಇದೇ. ಅಕ್ಕಿ ನೆನೆಸಿ ಕಾಯಿ ಜೊತೆ ನುಣ್ಣಗೆ ರುಬ್ಬಿ, ಬೆಲ್ಲ ಹಾಕಿ, ದಪ್ಪ ತಳದ ಪಾತ್ರೆಯಲ್ಲಿ ಕೈ ಬಿಡದೆ ತಿರುವಿ, ತುಪ್ಪ ಸವರಿದ ತಟ್ಟೆಗೆ ಸುರಿದು ಕತ್ತರಿಸೋದು. ಒಂದು ತುಂಡಿಗೆ 15 ರೂಪಾಯಿ. ಬಾಯಲ್ಲಿ ಇಟ್ಟರೆ ಜಗಿಯೋ ಕೆಲಸವೇ ಇಲ್ಲ.

ಬ್ಯಾಂಕಾಕ್‌ಗೆ ಹೋಗಿದ್ದಾಗ ಅಲ್ಲಿನ ಮಾರ್ಕೆಟ್‌ನಲ್ಲಿ ನನಗೆ ಈ ಹಾಲುಬಾಯಿಯೇ ನೆನಪಾಗಿದ್ದು. ಥಾಯ್ ಜನರ ಹಳೇ ಸಿಹಿತಿಂಡಿಗಳಲ್ಲಿ ತುಂಬಾ ಕಡೆ ಅದೇ ಮೂರು ಸಾಮಾನು. ಅಕ್ಕಿ ಹಿಟ್ಟು, ತೆಂಗಿನ ಹಾಲು, ತಾಳೆ ಬೆಲ್ಲ. ಖನೋಮ್ ಚಾನ್ ಅಂತ ಒಂದಿದೆ, ಪದರ ಪದರವಾಗಿ ಹಬೆಯಲ್ಲಿ ಬೇಯಿಸಿರುತ್ತಾರೆ, ಒಂದು ಪದರ ಬೆಂದ ಮೇಲೇ ಇನ್ನೊಂದು ಸುರಿಯೋದು. ಲುಕ್ ಚುಪ್ ಅಂತ ಇನ್ನೊಂದು, ಹೆಸರುಬೇಳೆ ಬೇಯಿಸಿ ಸಿಹಿ ಹಾಕಿ ಅರೆದು ಸಣ್ಣ ಸಣ್ಣ ಹಣ್ಣು ತರಕಾರಿ ಆಕಾರ ಮಾಡಿ ಬಣ್ಣ ಹಚ್ಚಿರುತ್ತಾರೆ. ಇನ್ನು ಬಂಗಾರದ ಬಣ್ಣದ ಥಾಂಗ್ ಯಿಪ್, ಥಾಂಗ್ ಯೋಟ್, ಫಾಯ್ ಥಾಂಗ್ ಇವೆಲ್ಲ ಮೊಟ್ಟೆಯ ಹಳದಿಯನ್ನ ಸಕ್ಕರೆ ಪಾಕದಲ್ಲಿ ಬೇಯಿಸಿದ್ದು, ಮೊಟ್ಟೆ ತಿನ್ನದವರು ಕೇಳಿಕೊಂಡು ತಗೊಳ್ಳಬೇಕು. ಮದುವೆ, ಗೃಹಪ್ರವೇಶಕ್ಕೆ ಇವು ಶುಭ ಅಂತ ಇಡುತ್ತಾರೆ. ಇವು ಪೋರ್ಚುಗೀಸ್ ಕಡೆಯಿಂದ ಬಂದ ತಿಂಡಿಗಳು. 17ನೇ ಶತಮಾನದಲ್ಲಿ ಅಲ್ಲಿನ ಹಳೇ ರಾಜಧಾನಿ ಅಯುತ್ತಯದಲ್ಲಿ ನಾರೈ ರಾಜ ಆಳುತ್ತಿದ್ದ ಕಾಲದಲ್ಲಿ ಮರಿಯಾ ಗ್ಯೋಮಾರ್ ಡಿ ಪಿನ್ಹಾ ಅನ್ನೋ ಹೆಂಗಸು ಇವನ್ನ ಅಲ್ಲಿಗೆ ತಂದರು ಅಂತ ಅಲ್ಲಿನವರು ಹೇಳುತ್ತಾರೆ.

ಅಲ್ಲಿನ ಕಷ್ಟ ಕೇಳಿದರೆ ನಮ್ಮ ಕಷ್ಟದ ಹಾಗೇ ಇದೆ. ಕೈ ಕೆಲಸ ಜಾಸ್ತಿ, ತೆಂಗಿನ ಹಾಲಿನದ್ದು ಬೇಗ ಕೆಡುತ್ತೆ, ಹುಡುಗರು ಕೇಕ್, ಬಬಲ್ ಟೀ ಕಡೆ ಹೋಗುತ್ತಾರೆ, ಸಿಹಿ ಜಾಸ್ತಿ ಅಂತ ದೂರುತ್ತಾರೆ. 2018ರಲ್ಲಿ ಅದೇ ನಾರೈ ರಾಜನ ಕಾಲದ ಕಥೆಯ ಟಿವಿ ಧಾರಾವಾಹಿಯೊಂದು ಭಾರಿ ಹಿಟ್ ಆಯಿತು. ಆ ಮರಿಯಾ ಕೂಡ ಅದರಲ್ಲಿ ಒಂದು ಪಾತ್ರ. ಜನ ಹಳೇ ಉಡುಪು ತೊಟ್ಟು ಅಯುತ್ತಯಕ್ಕೆ ಹೋಗೋಕೆ ಶುರು ಮಾಡಿದರು. ಅಂಥ ಗಾಳಿ ಬೀಸಿದಾಗ ವ್ಯಾಪಾರ ಏರುತ್ತೆ, ನಿಂತಾಗ ಇಳಿಯುತ್ತೆ. ನನ್ನ ಕಣ್ಣಿಗೆ ಬಿದ್ದ ಬೇರೆ ವಿಷಯ ಒಂದಿದೆ. ಅಲ್ಲಿ ಎಲ್ಲವೂ ಸಣ್ಣ ಸಣ್ಣ ಪ್ಯಾಕ್. ನಾಲ್ಕೈದು ತುಂಡು ಇರೋ ಡಬ್ಬಿ, ಇಲ್ಲ ಬಾಳೆ ಎಲೆ ದೊನ್ನೆ. ಆಫೀಸ್ ಮುಗಿಸಿ ಮನೆಗೆ ಹೋಗೋ ಹುಡುಗಿ ಊಟದ ಜೊತೆಗೆ ಒಂದು ಡಬ್ಬಿ ಎತ್ತಿಕೊಂಡು ಹೋಗುತ್ತಾಳೆ. ಹಬ್ಬವೂ ಬೇಡ, ನೆಂಟರೂ ಬೇಡ.

ನಮ್ಮಲ್ಲಿ ಸಿಹಿ ಅಂದರೆ ಕೆಜಿ ಲೆಕ್ಕ. ಒಂದು ಕೆಜಿ, ಅರ್ಧ ಕೆಜಿ, ಡಬ್ಬ ಕಟ್ಟಿಸು, ಮೇಲೆ ರಿಬ್ಬನ್. ಹಬ್ಬಕ್ಕೆ ತರಬೇಕು, ಯಾರ ಮನೆಗಾದರೂ ಹೋಗುವಾಗ ತರಬೇಕು, ಇಲ್ಲದಿದ್ದರೆ ಇಲ್ಲ. ಇದೇ ಈ ಅಂಗಡಿಗಳನ್ನ ಕೊಲ್ಲುತ್ತಿರೋದು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತೆ. ಯುಗಾದಿಗೆ ಈ ಅಕ್ಕನ ಅಂಗಡಿ ಮುಂದೆ ಬೆಳಿಗ್ಗೆ ಆರಕ್ಕೇ ಜನ ನಿಂತಿರುತ್ತಾರೆ. ಸಾಲ ಮಾಡಿ ಬೇಳೆ ಬೆಲ್ಲ ತಂದು, ಊರಿಂದ ನಾಲ್ಕು ಜನ ಹೆಂಗಸರನ್ನ ಕರೆಸಿ, ರಾತ್ರಿಯೆಲ್ಲ ಹೂರಣ ರುಬ್ಬುತ್ತಾರೆ. ಮುಂದಿನ ವಾರ ಹೋದರೆ ಅಕ್ಕ ಒಬ್ಬರೇ ಕೂತಿರುತ್ತಾರೆ. ಆ ನಾಲ್ಕು ಜನಕ್ಕೆ ಎರಡು ದಿನದ ಕೂಲಿ ಕೊಟ್ಟರೆ ಅವರು ವರ್ಷವೆಲ್ಲ ಕಾಯುತ್ತಾರಾ? ಗಾರ್ಮೆಂಟ್ಸ್‌ಗೆ ಹೋಗುತ್ತಾರೆ, ಹೋಗಲೇಬೇಕು. ಮುಂದಿನ ಹಬ್ಬಕ್ಕೆ ಮತ್ತೆ ಹೊಸಬರು, ಮತ್ತೆ ಕಲಿಸೋದು. ವರ್ಷಕ್ಕೊಮ್ಮೆ ಹಾಸನಾಂಬೆ ಗುಡಿ ಬಾಗಿಲು ತೆಗೆದಾಗಲೂ ಇದೇ ಕಥೆ. ಊರು ತುಂಬ ಜನ, ಬಾಗಿಲು ಹಾಕಿದ ಮೇಲೆ ಗಲ್ಲಿ ಖಾಲಿ. ಗೌರಿ ಹಬ್ಬಕ್ಕೆ ಕರ್ಜಿಕಾಯಿ, ಶಿವರಾತ್ರಿಗೆ ತಂಬಿಟ್ಟು, ನಾಗರ ಪಂಚಮಿಗೆ ಚಿಗಳಿ. ಒಂದೊಂದಕ್ಕೂ ಒಂದು ದಿನ ಕೊಟ್ಟು ಉಳಿದ ದಿನ ಮರೆತುಬಿಟ್ಟರೆ ಅಂಗಡಿ ಬಾಡಿಗೆ ಯಾರು ಕಟ್ಟುತ್ತಾರೆ?

ಬೇಕರಿಗಳನ್ನೇ ನೋಡಿ. ಅಯ್ಯಂಗಾರ್ ಬೇಕರಿ ಅಂದರೆ ನಮ್ಮ ಹಾಸನದವರದ್ದೇ. 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ಶುರು ಮಾಡಿದ ತಿರುಮಲಾಚಾರ್ ಹಾಸನ ಕಡೆಯವರು. ಬ್ರೆಡ್ ಅನ್ನೋದೇ ಹೊರಗಿನ ತಿಂಡಿ ಆಗಿದ್ದ ಕಾಲ ಅದು. ಆಮೇಲೆ ನಮ್ಮ ಜಿಲ್ಲೆಯ ಹಳ್ಳಿಹಳ್ಳಿಯಿಂದ ಹೋದವರು ರಾಜ್ಯದ ಮೂಲೆ ಮೂಲೆಯಲ್ಲಿ ಬೇಕರಿ ಹಾಕಿ ಬದುಕಿದರು. ಇವತ್ತು ಖಾರ ಬನ್, ದಿಲ್‌ಪಸಂದ್, ಹನಿ ಕೇಕ್ ಯಾರಿಗೆ ಹೊರಗಿನದು ಅನ್ನಿಸುತ್ತೆ? ಅವರು ಮಾರಿದ್ದು ಬಿಡಿ ಬಿಡಿಯಾಗಿ, ದಿನಾ, ಬೆಳಿಗ್ಗೆಯಿಂದ ರಾತ್ರಿವರೆಗೆ. ಒಂದು ಬನ್ ಕೊಡಿ, ಒಂದು ಪಫ್ಸ್ ಕೊಡಿ ಅಂದರೆ ಯಾರೂ ಮುಖ ಸಿಂಡರಿಸಲ್ಲ. ಸ್ವೀಟ್ ಅಂಗಡಿಗೆ ಹೋಗಿ ಒಂದು ಪೀಸ್ ಕೊಡಿ ಅನ್ನೋಕೆ ನಮಗೇ ಸಂಕೋಚ.

ಈ ಅಂಗಡಿ ನನಗೆ ಇಷ್ಟ ಆಗೋಕೆ ದೊಡ್ಡ ಕಾರಣ ಇದೇ. ಇಲ್ಲಿ ಒಂದು ಕಜ್ಜಾಯ ಕೊಡಿ ಅಂದರೆ ಒಂದು ಕಜ್ಜಾಯ ಕೊಡುತ್ತಾರೆ, ಕೂರೋಕೆ ಒಂದು ಮರದ ಬೆಂಚು ತೋರಿಸುತ್ತಾರೆ, ಕುಡಿಯೋಕೆ ನೀರು ಕೊಡುತ್ತಾರೆ. "ಅರ್ಧ ಬೇಕಾದರೂ ಕೊಡ್ತೀನಿ ಅಣ್ಣ, ಶುಗರ್ ಇರೋರು ಅರ್ಧ ತಿಂತಾರೆ" ಅಂದರು ಅಕ್ಕ. 2025ರ ಜೂನ್, ಜುಲೈನಲ್ಲಿ ನಮ್ಮ ಜಿಲ್ಲೆಯಲ್ಲಿ ಹೃದಯಾಘಾತದ ಸಾವಿನ ಸುದ್ದಿ ಒಂದಾದ ಮೇಲೊಂದು ಬಂದು ಊರೆಲ್ಲ ಹೆದರಿತ್ತು, ಆಸ್ಪತ್ರೆಗಳ ಮುಂದೆ ಸಾಲು ಸಾಲು ಜನ. ಆ ದಿನಗಳಲ್ಲಿ ಗಿರಾಕಿಗಳು ಅಂಗಡಿ ಮುಂದೆ ಬಂದು ನೋಡಿ ಹಾಗೇ ಮುಂದೆ ಹೋಗುತ್ತಿದ್ದರಂತೆ. ಹೆದರಿಕೆ ತಪ್ಪಲ್ಲ, ಆರೋಗ್ಯ ನೋಡಿಕೊಳ್ಳಲೇಬೇಕು. ಡಾಕ್ಟರ್ ಬೇಡ ಅಂದಿದ್ದರೆ ತಿನ್ನಲೇಬೇಡಿ. ಆದರೆ ಒಂದು ಕೆಜಿ ಡಬ್ಬ ಮನೆಗೆ ತಂದು ಕೆಡುತ್ತೆ ಅಂತ ಎಲ್ಲರೂ ಮೂರು ಹೊತ್ತು ತಿನ್ನೋದಕ್ಕಿಂತ, ಸಂಜೆ ನಡೆದುಕೊಂಡು ಬಂದು ಒಂದು ತಿಂದು ಹೋಗೋದು ಎಷ್ಟೋ ಮೇಲು ಅಲ್ವಾ? ಸಿಹಿ ಕಡಿಮೆ ಮಾಡಿದವರೇ ಇಂಥ ಅಂಗಡಿಗೆ ಒಳ್ಳೆ ಗಿರಾಕಿ ಆಗಬಹುದು.

ಇನ್ನೊಂದು ವಿಷಯ ನನಗೆ ಬೇಜಾರು ತರಿಸುತ್ತೆ. ಬೆಂಗಳೂರಿಂದ ಸಕಲೇಶಪುರಕ್ಕೆ, ಚಿಕ್ಕಮಗಳೂರಿಗೆ ವಾರ ವಾರವೂ ಎಷ್ಟು ಕಾರು ಹೋಗುತ್ತೆ! 2023ರಲ್ಲಿ ಬೇಲೂರು, ಹಳೇಬೀಡಿಗೆ ಯುನೆಸ್ಕೊ ವಿಶ್ವ ಪರಂಪರೆ ಪಟ್ಟ ಸಿಕ್ಕಿದೆ. ಬಂದವರು ವಾಪಸ್ ಹೋಗುವಾಗ ಕಾಫಿ ಪುಡಿ ತಗೊಳ್ಳುತ್ತಾರೆ, ಮೆಣಸು ಏಲಕ್ಕಿ ತಗೊಳ್ಳುತ್ತಾರೆ, ಹೋಮ್‌ಮೇಡ್ ಚಾಕೊಲೇಟ್ ತಗೊಳ್ಳುತ್ತಾರೆ. ಕಜ್ಜಾಯ ಇಟ್ಟಿರೋ ಅಂಗಡಿ ನನಗೆ ದಾರಿಯಲ್ಲಿ ಕಂಡಿಲ್ಲ. ಕಜ್ಜಾಯ ಒಂದು ವಾರ ಆರಾಮಾಗಿ ಇರುತ್ತೆ, ಚಾಕೊಲೇಟ್ ಹಾಗೆ ಕರಗಲ್ಲ. ಥಾಯ್ಲೆಂಡ್‌ನಲ್ಲಿ ಫೆಚಬುರಿ ಅಂತ ಒಂದು ಊರು, ತಾಳೆ ಬೆಲ್ಲಕ್ಕೆ ಹೆಸರುವಾಸಿ. ಮೊಟ್ಟೆ, ತೆಂಗಿನ ಹಾಲು, ಆ ಬೆಲ್ಲ ಸೇರಿಸಿ ಬೇಯಿಸಿದ ಖನೋಮ್ ಮೊ ಕೇಂಗ್ ಅನ್ನೋ ತಿಂಡಿಯನ್ನ ಆ ಊರಿನ ನೆನಪಿಗೆ ಅಂತ ದಾರಿಹೋಕರು ಕೊಂಡು ಹೋಗುತ್ತಾರೆ. 2021ರಲ್ಲಿ ಯುನೆಸ್ಕೊ ಆ ಊರನ್ನ ಊಟ ತಿಂಡಿಯ ಸೃಜನಶೀಲ ನಗರಗಳ ಪಟ್ಟಿಗೆ ಸೇರಿಸಿತು. ನಮ್ಮ ಹೈವೇ ಹೋಟೆಲ್‌ಗಳು ಕೌಂಟರ್ ಪಕ್ಕ ಒಂದು ಬುಟ್ಟಿ ಇಟ್ಟು, ನಾಲ್ಕು ಕಜ್ಜಾಯದ ಪ್ಯಾಕ್ ಮಾರಿದರೆ ಸಾಕು, ಇಂಥ ನಾಲ್ಕಾರು ಮನೆ ನಡೆಯುತ್ತೆ. ಯಾರಾದರೂ ಹೋಟೆಲ್‌ನವರು ಇದನ್ನ ಓದುತ್ತಿದ್ದರೆ ದಯವಿಟ್ಟು ಯೋಚನೆ ಮಾಡಿ.

ಸರಿ ಇಲ್ಲದ್ದನ್ನೂ ಹೇಳಬೇಕು. ಚಿರೋಟಿ ಪರವಾಗಿಲ್ಲ ಅನ್ನೋ ಹಾಗಿದೆ, 35 ರೂಪಾಯಿಗೆ ನಾನು ಇನ್ನೊಮ್ಮೆ ತಗೊಳ್ಳಲ್ಲ. ಪದರ ಬಿಟ್ಟುಕೊಂಡಿರುತ್ತೆ, ಆದರೆ ಮಧ್ಯಾಹ್ನದ ಮೇಲೆ ಹೋದರೆ ಗರಿ ಇರಲ್ಲ. ಬಾದಾಮಿ ಹಾಲು ಪುಡಿಯಿಂದ ಮಾಡಿದ್ದು, ಉಳಿದಿದ್ದೆಲ್ಲ ಇಷ್ಟು ಶ್ರದ್ಧೆಯಿಂದ ಮಾಡೋರು ಇದನ್ನ ಯಾಕೆ ಹೀಗೆ ಮಾಡುತ್ತಾರೋ. ಪಾರ್ಸೆಲ್‌ಗೆ ಬಿಸಿ ಒಬ್ಬಟ್ಟನ್ನ ತೆಳು ಪ್ಲಾಸ್ಟಿಕ್ ಕವರ್‌ಗೆ ಹಾಕಿಕೊಡುತ್ತಾರೆ, ಅದು ಒಳಗೇ ಬೆವೆತು ಅಂಟಿಕೊಳ್ಳುತ್ತೆ. ಎಲೆ, ಪೇಪರ್ ಸಾಕು ಅಂತ ನಾನು ಹೇಳಿದ್ದೇನೆ. ನೀವೂ ಹೇಳಿ, ಇಲ್ಲ ಸ್ಟೀಲ್ ಡಬ್ಬಿ ತಗೊಂಡು ಹೋಗಿ. ಗಾಡಿ ನಿಲ್ಲಿಸೋಕೆ ಆ ಗಲ್ಲಿಯಲ್ಲಿ ಜಾಗ ಇಲ್ಲ. ಮಾರ್ಕೆಟ್ ಮುಂದೆಯೇ ನಿಲ್ಲಿಸಿ ನಡೆದು ಹೋಗಬೇಕು, ಮಳೆಗಾಲದಲ್ಲಿ ಕಾಲು ಕೆಸರಾಗುತ್ತೆ.

ಸ್ವಚ್ಛತೆ ಚೆನ್ನಾಗಿದೆ. ಕರಿದ ಎಣ್ಣೆಯನ್ನ ಮಾರನೇ ದಿನ ಬಳಸಲ್ಲ ಅಂದರು, ಬಾಣಲೆ ನೋಡಿದರೆ ನಂಬೋ ಹಾಗೇ ಇದೆ. 2020ರ ಅಕ್ಟೋಬರ್‌ನಲ್ಲಿ ಬಿಡಿ ಸಿಹಿತಿಂಡಿ ಮಾರೋರು ಯಾವ ದಿನದ ಒಳಗೆ ತಿನ್ನಬೇಕು ಅಂತ ಬೋರ್ಡ್ ಹಾಕಬೇಕು ಅನ್ನೋ ನಿಯಮ ಬಂದಿತ್ತು. ಎಷ್ಟೋ ದೊಡ್ಡ ಅಂಗಡಿಗಳಲ್ಲಿ ನನಗೆ ಆ ಬೋರ್ಡ್ ಕಂಡಿಲ್ಲ. ಇಲ್ಲಿ ಮಗಳ ಶಾಲೆಯ ಸ್ಲೇಟ್ ಮೇಲೆ ಸೀಮೆಸುಣ್ಣದಲ್ಲಿ ದಿನಾ ಬರೆದಿಡುತ್ತಾರೆ. ಒಬ್ಬಟ್ಟು ನಾಳೆವರೆಗೆ, ಹಾಲುಬಾಯಿ ಇವತ್ತೇ, ಕಜ್ಜಾಯ ಎಂಟು ದಿನ.

ಆ ಮಗಳು ಪಿಯುಸಿ ಓದುತ್ತಿದ್ದಾಳೆ. ಪಾಕ ನೋಡೋಕೆ ಬರುತ್ತಾ ಅಂತ ಕೇಳಿದೆ. ಬರುತ್ತೆ ಅಂದಳು. ಇದನ್ನೇ ಮುಂದುವರಿಸ್ತೀಯಾ ಅಂತ ಕೇಳಿದ್ದಕ್ಕೆ, "ದಿನಾ ವ್ಯಾಪಾರ ಆದರೆ ಯಾಕೆ ಮಾಡಲ್ಲ?" ಅಂದಳು. ಸರಿಯಾದ ಮಾತು. ಅವಳಿಗೆ ಸಂಪ್ರದಾಯ ಉಳಿಸಮ್ಮ ಅಂತ ಬುದ್ಧಿ ಹೇಳೋ ಹಕ್ಕು ನಮಗಿಲ್ಲ, ನಾವು ವರ್ಷಕ್ಕೆ ಎರಡು ಸಲ ಮಾತ್ರ ಹೋಗೋದಾದರೆ.

ಹೋಗೋರಿಗೆ ಬೇಕಾದ ವಿವರ ಬರೆಯುತ್ತೇನೆ. ಬೆಳಿಗ್ಗೆ ಹತ್ತಕ್ಕೆ ತೆಗೆಯುತ್ತಾರೆ, ರಾತ್ರಿ ಎಂಟರವರೆಗೆ ಇರುತ್ತೆ, ಮಧ್ಯಾಹ್ನ ಎರಡರಿಂದ ನಾಲ್ಕು ಮುಚ್ಚಿರುತ್ತೆ. ಸೋಮವಾರ ರಜೆ. ಕಜ್ಜಾಯ ಸಂಜೆ ನಾಲ್ಕೂವರೆ ಮೇಲೆ ಬಿಸಿ ಸಿಗುತ್ತೆ. ಹಾಲುಬಾಯಿ ಮಂಗಳವಾರ, ಶುಕ್ರವಾರ ಮಾತ್ರ, ಅದೂ ಒಂದೇ ತಟ್ಟೆ ಮಾಡುತ್ತಾರೆ. ಕೇಳೋರು ಜಾಸ್ತಿ ಆದರೆ ದಿನಾ ಮಾಡ್ತೀವಿ ಅಂದಿದ್ದಾರೆ, ಹಾಗಾಗಿ ಹೋದಾಗ ಇಲ್ಲದಿದ್ದರೂ ಕೇಳಿ ಬನ್ನಿ. ಹಬ್ಬದ ಆರ್ಡರ್ ಇದ್ದರೆ ನಾಲ್ಕು ದಿನ ಮುಂಚೆ ಹೇಳಿ, ಅಡ್ವಾನ್ಸ್ ಕೊಡಿ. ಅಕ್ಕಿ ನೆನೆಸೋಕೆ ಅವರಿಗೆ ಅಷ್ಟು ಸಮಯ ಬೇಕೇ ಬೇಕು.